ಕಣ್ಣಿನ ಹುಣ್ಣಿಗೂ ಪಿಸಿಆರ್ ಟೆಸ್ಟ್ ಬೇಕಾ?

ಅಡಿಕೆ ಮರಿ, ಶಿರಸಿ

ಎಲ್ಲರಿಗೂ ನಮಸ್ಕಾರ. ಅಡಿಕೆ ಕೊನೆ ಕೊಯ್ಲಿನ ಹೊತ್ತಿಗೆ ನಮ್ಮ ಅಪ್ಪಚ್ಚಿಯ (ಚಿಕ್ಕಪ್ಪನ) ಕಣ್ಣಿಗೆ ಹಾಳೆಯ ಚೂರು ಬಡಿಯಿತು. ಮೊದಲು ಮನೆಯಲ್ಲೇ ನಂದಿಬಟ್ಟಲು ಹೂವಿನ ರಸ ಬಿಟ್ಟುಕೊಂಡರು. ಆಮೇಲೆ ಮೆಡಿಕಲ್ ಅಂಗಡಿಯಿಂದ ಯಾವುದೋ ಡ್ರಾಪ್ಸ್ ತಂದರು. ಕಪ್ಪು ಗುಡ್ಡೆಯ ಮೇಲೆ ಬಿಳಿ ಚುಕ್ಕೆ ಎದ್ದ ಮೇಲೆ ಹುಬ್ಬಳ್ಳಿಗೆ ಹೊರಟೆವು. ಅಲ್ಲಿ ಕೆರೆದು ನೋಡಿ, ಫಂಗಸ್ ಇದ್ದ ಹಾಗೆ ಕಾಣುತ್ತದೆ ಅಂದರು. ಫಂಗಸ್ ಕೊಲ್ಲುವ ನಟಾಮೈಸಿನ್ ಡ್ರಾಪ್ಸ್ ಕೊಟ್ಟರು, ಗಂಟೆಗೊಮ್ಮೆ ಬಿಡುತ್ತಿದ್ದೇವೆ. ಆದರೂ ಹುಣ್ಣು ಇಳಿಯುತ್ತಿಲ್ಲ. ಈಗ ಇನ್ನೊಮ್ಮೆ ಕೆರೆದು ಪಿಸಿಆರ್‌ಗೆ ಕಳಿಸುತ್ತೇವೆ ಅಂತಿದ್ದಾರೆ.

ಕೋವಿಡ್ ಟೈಮಲ್ಲಿ ಮೂಗಿಗೆ ಕಡ್ಡಿ ಹಾಕಿ ಮಾಡಿದರಲ್ಲ, ಅದೇ ಪಿಸಿಆರಾ? ಫಂಗಸ್ ಅಂತ ಗೊತ್ತಾದ ಮೇಲೆ ಮತ್ತೆ ಯಾಕೆ? ಅಪ್ಪಚ್ಚಿಯಂತೂ ಇದು ದುಡ್ಡು ಹೊಡೆಯುವ ದಾರಿ ಅಂತ ಕೂತಿದ್ದಾರೆ. ಗೊತ್ತಿದ್ದವರು ಹೇಳಿ.

ಬನವಾಸಿ ಶುಂಠಿ

ನಿಮ್ಮ ಅಪ್ಪಚ್ಚಿ ಹೇಳುವುದರಲ್ಲಿ ತಪ್ಪೇನಿಲ್ಲ ಮಾರಾಯ್ರೆ. ಈಗ ಕೆಮ್ಮಿದರೂ ಟೆಸ್ಟ್, ಸೀನಿದರೂ ಟೆಸ್ಟ್. ಮೊದಲೆಲ್ಲ ಡಾಕ್ಟರು ಟಾರ್ಚ್ ಬಿಟ್ಟು ನೋಡಿ ಔಷಧಿ ಬರೆಯುತ್ತಿದ್ದರು.

ಲ್ಯಾಬಿನ ಹುಡುಗಿ

ಟಾರ್ಚ್ ಬಿಟ್ಟು ನೋಡಿದ್ದರಿಂದ ಕಣ್ಣು ಕಳೆದುಕೊಂಡವರ ಲೆಕ್ಕ ಯಾರೂ ಇಟ್ಟಿಲ್ಲ ಅಣ್ಣಾ.

ನಾನು ಕಾರವಾರದವಳು, ಮೈಕ್ರೋಬಯಾಲಜಿ ಲ್ಯಾಬಿನಲ್ಲಿ ಟೆಕ್ನಿಷಿಯನ್. ಕಣ್ಣಿನ ಸ್ಯಾಂಪಲ್ ದಿನಾ ನೋಡುತ್ತೇನೆ, ಅದಕ್ಕೇ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ರೋಗಿ ಕಣ್ಣನ್ನು ದೊಡ್ಡದಾಗಿ ತೋರಿಸುವ ಸ್ಲಿಟ್ ಲ್ಯಾಂಪ್ ಮುಂದೆ ಗಲ್ಲ ಊರಿ ಕೂರುತ್ತಾರೆ. ಮರಗಟ್ಟಿಸುವ ಡ್ರಾಪ್ಸ್ ಬಿಟ್ಟು, ಡಾಕ್ಟರು ಸಣ್ಣ ಬ್ಲೇಡಿನ ಅಂಚಿನಿಂದ ಹುಣ್ಣಿನ ತಳ ಮತ್ತು ಅಂಚನ್ನು ಮೆತ್ತಗೆ ಕೆರೆಯುತ್ತಾರೆ. ಬ್ಲೇಡಿನ ತುದಿಯಲ್ಲಿ ಬರುವುದು ಒಂದು ಸಾಸಿವೆಯಷ್ಟೂ ಇರುವುದಿಲ್ಲ. ಅಷ್ಟರಲ್ಲೇ ಎಲ್ಲಾ ಆಗಬೇಕು. ಒಂದು ಸ್ಲೈಡಿಗೆ ಕೆಒಎಚ್ (ಪೊಟ್ಯಾಸಿಯಂ ಹೈಡ್ರಾಕ್ಸೈಡ್) ದ್ರಾವಣ ಹಾಕಿ ಮೈಕ್ರೋಸ್ಕೋಪಿನಲ್ಲಿ ನೋಡುತ್ತೇವೆ. ಫಂಗಸ್ ಇದ್ದರೆ ಕೆಲವೇ ನಿಮಿಷಗಳಲ್ಲಿ ಎಳೆ ಎಳೆಯಾಗಿ ಕಾಣುತ್ತದೆ. ಇನ್ನೊಂದು ಸ್ಲೈಡಿಗೆ ಗ್ರಾಂ ಸ್ಟೇನ್ ಎಂಬ ಬಣ್ಣ, ಅದು ಬ್ಯಾಕ್ಟೀರಿಯಾಕ್ಕೆ. ಉಳಿದದ್ದನ್ನು ಕ್ರಿಮಿ ಬೆಳೆಸುವ ಕಲ್ಚರ್ ಪ್ಲೇಟಿನ ಮೇಲೆ ಇಂಗ್ಲಿಷಿನ 'ಸಿ' ಅಕ್ಷರದ ಆಕಾರದಲ್ಲಿ ಎಳೆಯುತ್ತೇವೆ. ಆಕಾರ ಯಾಕೆ ಅಂದರೆ, ಆ ಗೆರೆಯ ಮೇಲೆ ಬೆಳೆದರೆ ಅದು ಕಣ್ಣಿನಿಂದ ಬಂದದ್ದು. ಗೆರೆ ಬಿಟ್ಟು ಪಕ್ಕದಲ್ಲಿ ಬೆಳೆದರೆ ಗಾಳಿಯಿಂದ ಬಿದ್ದದ್ದು, ಲೆಕ್ಕಕ್ಕಿಲ್ಲ.

ಬ್ಯಾಕ್ಟೀರಿಯಾ ಆದರೆ ಒಂದೆರಡು ದಿನದಲ್ಲಿ ಬೆಳೆಯುತ್ತದೆ. ಫಂಗಸ್‌ಗೆ ಕೆಲವೊಮ್ಮೆ ವಾರ, ಎರಡು ವಾರ ಬೇಕು. ಮೊದಲೇ ಡ್ರಾಪ್ಸ್ ಬಿಟ್ಟುಕೊಂಡು ಬಂದವರದ್ದು ಎಷ್ಟೋ ಸಲ ಏನೂ ಬೆಳೆಯುವುದೇ ಇಲ್ಲ. ಕ್ರಿಮಿ ಅರ್ಧ ಸತ್ತಿರುತ್ತದೆ, ರೋಗ ಮಾತ್ರ ಪೂರ್ತಿ ಇರುತ್ತದೆ.

ಪಿಸಿಆರ್ ಬೇಕಾಗುವುದು ಇಲ್ಲಿ. ಅದಕ್ಕೆ ಕ್ರಿಮಿ ಬದುಕಿರಬೇಕು ಅಂತಿಲ್ಲ. ಅದರ ಡಿಎನ್‌ಎ ತುಣುಕು ಸಿಕ್ಕರೆ ಸಾಕು.

ಅಡಿಕೆ ಮರಿ, ಶಿರಸಿ

ಅಂದರೆ ಕೋವಿಡ್‌ನದ್ದೇ ಮಷಿನ್?

ಎಮ್ಮೆಸ್ಸಿ ಬಯೋಟೆಕ್

ಮಷಿನ್ ಅದೇ ಥರದ್ದು, ಹುಡುಕುವ ವಸ್ತು ಬೇರೆ. ನಾನು ಯಲ್ಲಾಪುರದ ಕಡೆಯವನು, ಈಗ ಧಾರವಾಡದಲ್ಲಿ ಓದುತ್ತಿದ್ದೇನೆ.

ಪಿಸಿಆರ್ ಅಂದರೆ ಡಿಎನ್‌ಎಯ ಒಂದು ಗೊತ್ತಿರುವ ತುಣುಕನ್ನು ಮತ್ತೆ ಮತ್ತೆ ನಕಲು ಮಾಡುವುದು. ಬಿಸಿ ಮಾಡಿದರೆ ಎರಡು ಎಳೆ ಬಿಡಿಸಿಕೊಳ್ಳುತ್ತವೆ, ತಣಿಸಿದರೆ ಆ ತುಣುಕಿಗೆ ಹೊಂದುವ ಪ್ರೈಮರ್ ಎಂಬ ಸಣ್ಣ ಚೂರು ಹೋಗಿ ಅಂಟುತ್ತದೆ, ಮತ್ತೆ ಸ್ವಲ್ಪ ಬಿಸಿ ಮಾಡಿದರೆ ಹೊಸ ಎಳೆ ತಯಾರು. ಒಂದು ಸುತ್ತಿಗೆ ಒಂದು ಎರಡಾಗುತ್ತದೆ. 30 ಸುತ್ತಿಗೆ 100 ಕೋಟಿ ದಾಟುತ್ತದೆ. ಕ್ಯಾರಿ ಮಲ್ಲಿಸ್ 1983ರಲ್ಲಿ ಇದನ್ನು ಯೋಚಿಸಿದ, 1993ರಲ್ಲಿ ನೊಬೆಲ್ ಬಂತು. ಕೋವಿಡ್‌ನದು ಆರ್‌ಎನ್‌ಎ ವೈರಸ್, ಹಾಗಾಗಿ ಮೊದಲು ಅದನ್ನು ಡಿಎನ್‌ಎ ಮಾಡಿಕೊಳ್ಳುವ ಇನ್ನೊಂದು ಹೆಜ್ಜೆ ಇತ್ತು.

ಯಾವ ಪ್ರೈಮರ್ ಹಾಕುತ್ತೀರಿ ಅನ್ನುವುದೇ ಮುಖ್ಯ. ಹರ್ಪಿಸ್ ಎಂಬ ವೈರಸ್ಸಿನ ಪ್ರೈಮರ್ ಹಾಕಿದರೆ ಹರ್ಪಿಸ್ ಮಾತ್ರ ಹುಡುಕುತ್ತದೆ. ಪಕ್ಕದಲ್ಲೇ ಫಂಗಸ್ ಕೂತಿದ್ದರೂ ಅದಕ್ಕೆ ಗೊತ್ತಾಗುವುದಿಲ್ಲ. ಇನ್ನೊಂದು ಥರ ಇದೆ. ಎಲ್ಲಾ ಬ್ಯಾಕ್ಟೀರಿಯಾಗಳಲ್ಲೂ ಇರುವ 16ಎಸ್ ಅನ್ನುವ ಜೀನ್, ಫಂಗಸ್‌ಗಳಲ್ಲಿ ಐಟಿಎಸ್ ಅನ್ನುವ ಭಾಗ, ಇವನ್ನು ನಕಲು ಮಾಡಿ ಆಮೇಲೆ ಅದರ ಅಕ್ಷರಗಳನ್ನು ಓದುವುದು. ಓದಿದ್ದನ್ನು ದೊಡ್ಡ ಪಟ್ಟಿಗೆ ಹೋಲಿಸಿದರೆ ಯಾವ ಕ್ರಿಮಿ ಅಂತ ಹೆಸರು ಸಿಗುತ್ತದೆ.

ಕಣ್ಣಿನ ಡಾಕ್ಟರ್, ಕುಮಟಾ

ತಂಗಿ, ತಮ್ಮ ಇಬ್ಬರೂ ಚೆನ್ನಾಗಿ ಹೇಳಿದ್ದೀರಿ. ಅಡಿಕೆ ಮರಿ ಅವರೇ, ನಿಮ್ಮ ಅಪ್ಪಚ್ಚಿಯ ಕೇಸು ನಾನು ನೋಡಿಲ್ಲ, ಹಾಗಾಗಿ ಅವರಿಗೆ ಇಂಥದ್ದೇ ಆಗಿದೆ ಅಂತ ಹೇಳುವುದಿಲ್ಲ. ಆದರೆ ಅಲ್ಲಿನ ಡಾಕ್ಟರು ಯಾಕೆ ಪಿಸಿಆರ್ ಕೇಳಿರಬಹುದು ಅಂತ ಊಹಿಸಬಲ್ಲೆ.

ನಮ್ಮ ಕಡೆ ಹುಲ್ಲು, ಭತ್ತದ ತೆನೆ, ಅಡಿಕೆ ಹಾಳೆ, ದರಕು (ಒಣ ಎಲೆ), ಹೀಗೆ ಗಿಡಕ್ಕೆ ಸಂಬಂಧಿಸಿದ್ದು ಕಣ್ಣಿಗೆ ಬಡಿದು ಹುಣ್ಣಾದರೆ ಮೊದಲ ಅನುಮಾನ ಫಂಗಸ್ ಮೇಲೆ. ಫ್ಯುಸೇರಿಯಂ ಮತ್ತು ಆಸ್ಪರ್ಜಿಲಸ್ ಎಂಬ ಎರಡೇ ಬಹುಪಾಲು ಇರುತ್ತವೆ. ಅದಕ್ಕೆ ನಟಾಮೈಸಿನ್ ಒಳ್ಳೆಯ ಔಷಧಿ. 2013ರಲ್ಲಿ ಪ್ರಕಟವಾದ ದೊಡ್ಡ ಪರೀಕ್ಷೆಯೊಂದು, ದಕ್ಷಿಣ ಭಾರತದ ಅರವಿಂದ ಕಣ್ಣಾಸ್ಪತ್ರೆಗಳ ರೋಗಿಗಳ ಮೇಲೆ ನಡೆದದ್ದು, ಹೊಸದಾದ ವೊರಿಕೊನಜೋಲ್ ಡ್ರಾಪ್ಸ್‌ಗಿಂತ ಹಳೆಯ ನಟಾಮೈಸಿನ್ನೇ ವಾಸಿ ಅಂತ ತೋರಿಸಿತು. ಫ್ಯುಸೇರಿಯಂ ಆದರೆ ಇನ್ನೂ ಹೆಚ್ಚು.

ಆದರೆ ಕೆಒಎಚ್‌ನಲ್ಲಿ ಎಳೆ ಕಂಡ ಮಾತ್ರಕ್ಕೆ ಅದು ಫಂಗಸ್ ಆಗಲೇಬೇಕಿಲ್ಲ. ಪಿಥಿಯಂ ಇನ್ಸಿಡಿಯೋಸಮ್ ಅಂತ ಒಂದಿದೆ. ನೋಡುವುದಕ್ಕೆ ಫಂಗಸ್ ಹಾಗೇ, ಎಳೆ ಎಳೆ. ಹುಣ್ಣೂ ಹಾಗೇ. ಆದರೆ ಫಂಗಸ್ ಜಾತಿಯೇ ಅಲ್ಲ, ಊಮೈಸೀಟ್ ಎಂಬ ಬೇರೆ ಗುಂಪು. ನಟಾಮೈಸಿನ್ ಕೆಲಸ ಮಾಡುವುದು ಫಂಗಸ್‌ನ ಹೊರಪೊರೆಯಲ್ಲಿರುವ ಎರ್ಗೊಸ್ಟೆರಾಲ್ ಹಿಡಿದು. ಪಿಥಿಯಂನಲ್ಲಿ ಅದೇ ಇಲ್ಲ. ಹಾಗಾಗಿ ಬಾಟಲಿ ಮೇಲೆ ಬಾಟಲಿ ಖಾಲಿ ಮಾಡಿದರೂ ಹುಣ್ಣು ಹಬ್ಬುತ್ತಲೇ ಇರುತ್ತದೆ. ಅದಕ್ಕೆ ಲಿನೆಜೋಲಿಡ್, ಅಜಿತ್ರೊಮೈಸಿನ್, ಅಂದರೆ ಬ್ಯಾಕ್ಟೀರಿಯಾಕ್ಕೆ ಕೊಡುವ ಔಷಧಿಗಳು ಬೇಕು. ತಡವಾದರೆ ಕಾರ್ನಿಯಾ (ಕಪ್ಪು ಗುಡ್ಡೆಯ ಮೇಲಿನ ಪಾರದರ್ಶಕ ಪದರ) ಬದಲಾಯಿಸುವ ಆಪರೇಷನ್ನೇ ಗತಿ.

ಅಂದರೆ ಅಲ್ಲಿನವರ ಪ್ರಶ್ನೆ 'ಫಂಗಸ್ಸಾ' ಅಂತ ಇರಲಿಕ್ಕಿಲ್ಲ. 'ಫಂಗಸ್ ವೇಷದ ಪಿಥಿಯಮ್ಮಾ' ಅಂತ ಇರಬಹುದು. ಅವರನ್ನೇ ನೇರವಾಗಿ ಕೇಳಿ. ಉತ್ತರ ಬಂದರೆ ಔಷಧಿ ಬದಲಾಗುತ್ತದಾ ಅಂತ ಕೇಳಿ. ಬದಲಾಗುತ್ತದೆ ಅಂದರೆ ಟೆಸ್ಟ್ ಮಾಡಿಸಿ. ಏನು ಬಂದರೂ ಇದೇ ಡ್ರಾಪ್ಸ್ ಅಂದರೆ ದುಡ್ಡು ಉಳಿಸಿ.

ಬನವಾಸಿ ಶುಂಠಿ

ಡಾಕ್ಟ್ರೇ, ಒಂದು ನಿಮಿಷ. ಪಿಥಿಯಂ ಅಂದ್ರಾ? ಶುಂಠಿಗೆ ಕೊಳೆ ಬರುವುದು ಪಿಥಿಯಂನಿಂದ ಅಂತ ಕೃಷಿ ಇಲಾಖೆಯವರು ಹೇಳಿದ್ದರು. ನನ್ನ ಹೊಲದಲ್ಲಿ ಗಡ್ಡೆ ಗಡ್ಡೆಯೇ ನೀರಾಗಿ ಹೋಗಿದೆ ಅದರಿಂದ. ಅದೇ ಕಣ್ಣಿಗೂ ಬರುತ್ತದಾ?

ಕಣ್ಣಿನ ಡಾಕ್ಟರ್, ಕುಮಟಾ

ಅದೇ ಅಲ್ಲ, ಅದರ ದಾಯಾದಿ. ಶುಂಠಿ ಕೊಳೆಯಿಸುವ ಪಿಥಿಯಂ ಬೇರೆ, ಮನುಷ್ಯನ ಕಣ್ಣಿಗೆ ಬರುವುದು ಬೇರೆ. ಅಡಿಕೆಗೆ ಮಳೆಗಾಲದಲ್ಲಿ ಬರುವ ಕೊಳೆರೋಗದ ಫೈಟೋಫ್ತೊರಾ ಕೂಡ ಇದೇ ಊಮೈಸೀಟ್ ಗುಂಪಿನದು. ಇವೆಲ್ಲ ನೀರು ನಿಂತ ಕಡೆ ಹಬ್ಬುತ್ತವೆ. ನೀರಿನಲ್ಲಿ ಈಜುವ ಬೀಜಕಣಗಳು ಇವಕ್ಕೆ ಇರುತ್ತವೆ.

ಬನವಾಸಿ ಶುಂಠಿ

ಹಾಗಾದರೆ ಸರಿ ಬಿಡಿ. ಕೊಳೆಗೆ ಯಾವುದೋ ಮದ್ದು ಹೊಡೆದರೆ ಹೋಗುವುದಿಲ್ಲ, ಅದಕ್ಕೇ ಅಂತ ಬೇರೆ ಮದ್ದು ತರಬೇಕು. ಅದು ಗೊತ್ತಿದೆ ನಮಗೆ. ಟೆಸ್ಟ್ ಮಾಡಿಸಲಿ.

ಲ್ಯಾಬಿನ ಹುಡುಗಿ

ಬನವಾಸಿ ಅಣ್ಣ ಇಷ್ಟು ಬೇಗ ಒಪ್ಪಿದ್ದು ಇದೇ ಮೊದಲು 😄

ಪಿಥಿಯಂ ಬಗ್ಗೆ ಇನ್ನೊಂದು ಮಾತು. ಅದರ ಗೋಡೆಯಲ್ಲಿ ಸೆಲ್ಯುಲೋಸ್ ಇರುತ್ತದೆ, ಗಿಡಗಳ ಹಾಗೆ. ಅಯೋಡಿನ್ ಮತ್ತು ಸಲ್ಫ್ಯೂರಿಕ್ ಆಸಿಡ್ ಸೇರಿಸಿ ಒಂದು ಸ್ಟೇನ್ ಮಾಡಿದರೆ ಎಳೆಗಳು ನೀಲಿಯಾಗುತ್ತವೆ, ಫಂಗಸ್ ಆದರೆ ಆಗುವುದಿಲ್ಲ. ಹೈದರಾಬಾದ್ ಮೂಲದ ಎಲ್.ವಿ. ಪ್ರಸಾದ್ ಕಣ್ಣಿನ ಆಸ್ಪತ್ರೆಯವರು ಇದನ್ನು ಬಳಕೆಗೆ ತಂದರು. ಪಿಸಿಆರ್‌ಗೆ ಹೋಲಿಸಿದರೆ ಖರ್ಚೇ ಇಲ್ಲ. ಅದೇ ಆಸ್ಪತ್ರೆಯವರು ತಾವು ಕೂಡಿಟ್ಟ, ಹೆಸರು ಗೊತ್ತಾಗದ ಹಳೆಯ 'ಫಂಗಸ್'ಗಳ ಡಿಎನ್‌ಎ ಓದಿ ನೋಡಿದಾಗ ಅವುಗಳಲ್ಲಿ ಕೆಲವು ಪಿಥಿಯಂ ಆಗಿದ್ದವು. ಅಲ್ಲಿಯವರೆಗೆ ನಮ್ಮ ದೇಶದಲ್ಲಿ ಇದು ಅಪರೂಪ ಅಂದುಕೊಂಡಿದ್ದರು. ಅಪರೂಪ ಆಗಿರಲಿಲ್ಲ, ಗುರುತು ಸಿಕ್ಕಿರಲಿಲ್ಲ ಅಷ್ಟೇ.

ಕೋಡಿಬಾಗ

ಕಾರವಾರದಿಂದ. ಚರ್ಚೆ ಚೆನ್ನಾಗಿದೆ, ಆದರೆ ಯಾರೂ ಮುಖ್ಯ ವಿಷಯ ಎತ್ತುತ್ತಿಲ್ಲ. ಇದೆಲ್ಲ ನಮ್ಮ ಜಿಲ್ಲೆಯಲ್ಲಿ ಎಲ್ಲಿ ಮಾಡುತ್ತಾರೆ? ತಲೆಗೆ ಪೆಟ್ಟಾದರೆ ಮಣಿಪಾಲ, ಹಾರ್ಟಿಗೆ ಗೋವಾ, ಕಣ್ಣಿಗೆ ಹುಬ್ಬಳ್ಳಿ. ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕು ಅಂತ ಎಷ್ಟು ವರ್ಷದಿಂದ ಕೂಗುತ್ತಿದ್ದೇವೆ. ಇಲ್ಲಿ ಸ್ಟೇನ್ ಏನೋ, ಪಿಸಿಆರ್ ಏನೋ ಅಂತ ಮಾತಾಡುವುದು ಸ್ವಲ್ಪ ಹಾಸ್ಯಾಸ್ಪದ ಅಲ್ವಾ?

ಗಜನಿ ಗದ್ದೆ

ನಿಜ ಹೇಳಿದ್ರಿ. ಅಘನಾಶಿನಿ ಪಕ್ಕದವರು ನಾವು. ನಮ್ಮ ಹೆಂಗಸರು ಬೆಳಚು (ಚಿಪ್ಪುಮೀನು) ಆರಿಸುವಾಗ ಚಿಪ್ಪು ತಾಗಿ, ಕೆಸರು ಹಾರಿ ಕಣ್ಣು ಕೆಂಪಾಗುವುದು ಮಾಮೂಲು. ಯಾರೂ ಡಾಕ್ಟರ ಹತ್ತಿರ ಹೋಗುವುದಿಲ್ಲ. ಒಂದು ದಿನದ ದುಡಿಮೆ ಹೋಗುತ್ತದೆ ಅಂತ.

ಕಣ್ಣಿನ ಡಾಕ್ಟರ್, ಕುಮಟಾ

ಗಜನಿ ಗದ್ದೆ ಅವರೇ, ಚಿಪ್ಪು ತಾಗಿದ್ದನ್ನು ಹಗುರವಾಗಿ ತಗೊಳ್ಳಬೇಡಿ. ಉಪ್ಪುನೀರು ಸಿಹಿನೀರು ಕೂಡುವ ಕಡೆ ವಿಬ್ರಿಯೋ ಎಂಬ ಬ್ಯಾಕ್ಟೀರಿಯಾ ಇರುತ್ತದೆ. ಕಣ್ಣಿಗೆ ಬಂದರೆ ಅಪರೂಪ, ಬಂದರೆ ಜೋರು. ನೋವು, ಬೆಳಕು ನೋಡಲಾಗದೆ ನೀರು ಸುರಿಯುವುದು, ಮಂಜು ಮಂಜು, ಇವುಗಳಲ್ಲಿ ಯಾವುದಿದ್ದರೂ ಅವತ್ತೇ ತೋರಿಸಿ.

ಕೋಡಿಬಾಗ ಅವರೇ, ನಿಮ್ಮ ಸಿಟ್ಟು ಒಪ್ಪುತ್ತೇನೆ. ಆದರೆ ಒಂದು ವಿಷಯ ನೀವು ತಿರುವಿ ನೋಡಬೇಕು. ಪಿಸಿಆರ್ ದೂರದ ಊರಿಗೇ ಹೆಚ್ಚು ಉಪಯೋಗ. ಕಲ್ಚರ್ ಆಗಬೇಕಾದರೆ ಕೆರೆದದ್ದನ್ನು ಅಲ್ಲೇ ಪ್ಲೇಟಿಗೆ ಹಾಕಬೇಕು, ಕ್ರಿಮಿ ಬದುಕಿರಬೇಕು. ಘಟ್ಟ ಹತ್ತಿ ಲ್ಯಾಬ್ ಮುಟ್ಟುವಷ್ಟರಲ್ಲಿ ಎಷ್ಟೋ ಸತ್ತಿರುತ್ತವೆ. ಪಿಸಿಆರ್ ಸ್ಯಾಂಪಲ್ ಸಣ್ಣ ಟ್ಯೂಬಿನಲ್ಲಿ, ಐಸ್ ಇಟ್ಟ ಡಬ್ಬಿಯಲ್ಲಿ ಪ್ರಯಾಣ ಮಾಡುತ್ತದೆ. ಮಂಗನ ಕಾಯಿಲೆಗೆ ಸಿದ್ದಾಪುರ, ಹೊನ್ನಾವರ ಕಡೆಯಿಂದ ರಕ್ತದ ಸ್ಯಾಂಪಲ್ ಹೋಗುವುದು ನಿಮಗೆ ಗೊತ್ತೇ ಇದೆ. ಅದೂ ಪಿಸಿಆರ್‌ಗೇ. ಲ್ಯಾಬ್ ಊರಲ್ಲಿ ಇರಲೇಬೇಕು ಅಂತಿಲ್ಲ. ಕೆರೆಯಲು ಬರುವ ಕೈ ಊರಲ್ಲಿ ಇರಬೇಕು.

ಮತ್ತೆ ಹೇಳುತ್ತೇನೆ, ಮೊದಲು ಕೆಒಎಚ್. ಒಂದು ಮೈಕ್ರೋಸ್ಕೋಪ್, ಒಂದು ಬಾಟಲಿ ದ್ರಾವಣ. ತಾಲ್ಲೂಕು ಆಸ್ಪತ್ರೆಯಲ್ಲಿ ಕ್ಷಯದ ಕಫ ನೋಡುವ ಮೈಕ್ರೋಸ್ಕೋಪೇ ಸಾಕು. ಅದನ್ನು ಬಿಟ್ಟು ನೇರ ಪಿಸಿಆರ್‌ಗೆ ಹಾರುವುದು ನನಗೆ ಇಷ್ಟ ಇಲ್ಲ.

ಎಮ್ಮೆಸ್ಸಿ ಬಯೋಟೆಕ್

ಸರ್, ಕ್ಷಯ ಅಂದಿರಿ, ಅದಕ್ಕೇ ಕೇಳುತ್ತೇನೆ. ಕ್ಷಯಕ್ಕೆ ಅಂತ ತಾಲ್ಲೂಕು ಆಸ್ಪತ್ರೆಗಳಲ್ಲಿ ಟ್ರೂನ್ಯಾಟ್ ಮಷಿನ್ ಇದೆಯಲ್ಲ. ನಮ್ಮ ಪಕ್ಕದ ಗೋವಾದ ಕಂಪನಿಯದ್ದೇ. ಅದೂ ಪಿಸಿಆರೇ, ಬ್ಯಾಟರಿಯಲ್ಲೂ ನಡೆಯುತ್ತದೆ. ಕಣ್ಣಿಗೂ ಅದನ್ನೇ ಬಳಸಬಾರದಾ?

ಲ್ಯಾಬಿನ ಹುಡುಗಿ

ಮಷಿನ್ ಇದ್ದರೆ ಸಾಲದು ತಮ್ಮಾ, ಚಿಪ್ ಬೇಕು. ಒಂದೊಂದು ರೋಗಕ್ಕೆ ಒಂದೊಂದು ಚಿಪ್. ಕ್ಷಯದ ಚಿಪ್ ಹಾಕಿದರೆ ಕ್ಷಯ ಮಾತ್ರ. ನೀನೇ ಹೇಳಿದೆಯಲ್ಲ, ಪ್ರೈಮರ್ ಮುಖ್ಯ ಅಂತ. ಕಾರ್ನಿಯಾ ಹುಣ್ಣಿನ ಫಂಗಸ್‌ಗೆ ಚಿಪ್ ಬರಲಿ, ಆವಾಗ ಶಿರಸಿಯಲ್ಲೇ ಕೂತು ಮಾಡೋಣ.

ಮೆಡಿಕಲ್ ಅಂಗಡಿ, ಅಂಕೋಲಾ

ಮೆಡಿಕಲ್ ಅಂಗಡಿ ಡ್ರಾಪ್ಸ್ ಅಂತ ಎಲ್ಲರೂ ನಮ್ಮನ್ನು ಬೈಯುತ್ತೀರಿ. ಜನ ಬಂದು 'ಕಣ್ಣು ಕೆಂಪಾಗಿದೆ, ಬೇಗ ಕಡಿಮೆ ಆಗುವ ಡ್ರಾಪ್ಸ್ ಕೊಡಿ' ಅಂತ ಹಟ ಹಿಡಿಯುತ್ತಾರೆ. ಕೊಡದಿದ್ದರೆ ಪಕ್ಕದ ಅಂಗಡಿಗೆ ಹೋಗುತ್ತಾರೆ. ನಾನು ಸ್ಟೆರಾಯ್ಡ್ ಇರುವುದನ್ನು ಚೀಟಿ ಇಲ್ಲದೆ ಕೊಡುವುದಿಲ್ಲ. 2023ರ ಮಳೆಗಾಲದಲ್ಲಿ ಮದ್ರಾಸ್ ಐ ಊರೆಲ್ಲ ಹಬ್ಬಿದಾಗ ಅಂತೂ ಸಾಲು ನಿಂತಿದ್ದರು.

ಡಾಕ್ಟ್ರೇ, ಮದ್ರಾಸ್ ಐಗೂ ಈ ಟೆಸ್ಟ್ ಮಾಡಬಹುದಾ? ಶಾಲೆಯವರು ಸರ್ಟಿಫಿಕೇಟ್ ಕೇಳುತ್ತಾರೆ.

ಕಣ್ಣಿನ ಡಾಕ್ಟರ್, ಕುಮಟಾ

ಮಾಡಬಹುದು, ಮಾಡಬೇಕಾಗಿಲ್ಲ. ಅದು ಹೆಚ್ಚಾಗಿ ಅಡಿನೋ ವೈರಸ್ಸಿನದು, ಕೆಲವು ಸಲ ಬೇರೆ ವೈರಸ್. ಒಂದೆರಡು ವಾರದಲ್ಲಿ ತಾನಾಗಿಯೇ ಹೋಗುತ್ತದೆ. ಯಾವ ವೈರಸ್ ಅಂತ ಹೆಸರು ಗೊತ್ತಾದರೂ ಕೊಡುವ ಸಲಹೆ ಅದೇ. ಟವೆಲ್ ಬೇರೆ ಇಡಿ, ಕೈ ತೊಳೆಯಿರಿ, ಕಣ್ಣು ಉಜ್ಜಬೇಡಿ, ಮಗುವನ್ನು ಶಾಲೆಗೆ ಕಳಿಸಬೇಡಿ. ಇಡೀ ರಾಜ್ಯದಲ್ಲಿ ಯಾವ ವೈರಸ್ ಓಡಾಡುತ್ತಿದೆ ಅಂತ ಆರೋಗ್ಯ ಇಲಾಖೆ ತಿಳಿಯಬೇಕಾದರೆ ಕೆಲವರದ್ದು ಪರೀಕ್ಷೆ ಮಾಡಿದರೆ ಸಾಕು.

ಹುಟ್ಟಿದ ಕೂಸಿನ ಕಣ್ಣಲ್ಲಿ ಕೀವು ಬಂದರೆ ಮಾತ್ರ ಮಾತೇ ಬೇರೆ. ತಾಯಿಯಿಂದ ಬಂದ ಗೊನೊಕಾಕಸ್ ಅಥವಾ ಕ್ಲಮೀಡಿಯ ಎಂಬ ಬ್ಯಾಕ್ಟೀರಿಯಾ ಇರಬಹುದು. ಗೊನೊಕಾಕಸ್ ಆದರೆ ಒಂದೆರಡು ದಿನದಲ್ಲೇ ಕಣ್ಣು ಹೋಗಬಹುದು. ಅಲ್ಲಿ ಪರೀಕ್ಷೆ ಬೇಕೇ ಬೇಕು, ಮತ್ತು ಪರೀಕ್ಷೆಗೆ ಕಾಯದೆ ಚಿಕಿತ್ಸೆಯೂ ಬೇಕು.

ಸ್ಟೆರಾಯ್ಡ್ ಕೊಡದೆ ಇರುವುದಕ್ಕೆ ನಿಮಗೆ ಕೈ ಮುಗಿಯುತ್ತೇನೆ. ಫಂಗಸ್ ಹುಣ್ಣಿಗೆ, ಹರ್ಪಿಸ್ ಹುಣ್ಣಿಗೆ ಸ್ಟೆರಾಯ್ಡ್ ಬಿಟ್ಟರೆ ಮೊದಲೆರಡು ದಿನ ಕೆಂಪು ಇಳಿದು ಹಾಯೆನಿಸುತ್ತದೆ. ಒಳಗೆ ಹಬ್ಬುತ್ತಿರುತ್ತದೆ.

ಗಜನಿ ಗದ್ದೆ

ನಂದಿಬಟ್ಟಲು ಬಿಡಬಹುದಾ? ನಮ್ಮ ಅಜ್ಜಿ ಕಾಲದಿಂದ ಬಿಡುತ್ತಿದ್ದೇವೆ.

ಕಣ್ಣಿನ ಡಾಕ್ಟರ್, ಕುಮಟಾ

ದೇವರಿಗೆ ಏರಿಸಿ. ಗಾಯ ಆದ ಕಣ್ಣಿಗೆ ಬೇಡ. ಹೂವಿನ ಮೇಲೆ, ಕೈ ಮೇಲೆ ಇರುವ ಫಂಗಸ್ ಕಣಗಳು ನೇರ ಗಾಯಕ್ಕೆ ಹೋಗುತ್ತವೆ.

ಅಡಿಕೆ ಮರಿ, ಶಿರಸಿ

ಎಲ್ಲರಿಗೂ ಥ್ಯಾಂಕ್ಸ್. ಹುಬ್ಬಳ್ಳಿಯಲ್ಲಿ ಡಾಕ್ಟರನ್ನು ನೇರವಾಗಿಯೇ ಕೇಳಿದೆ. ಕುಮಟಾದ ಡಾಕ್ಟರು ಹೇಳಿದ್ದೇ ಸರಿ, ಅವರಿಗೆ ಅನುಮಾನ ಇದ್ದದ್ದು ಪಿಥಿಯಂ ಮೇಲೆ. ರಿಪೋರ್ಟ್ ಈಗ ಬಂತು. ಪಿಥಿಯಂ ಇಲ್ಲ. ಫ್ಯುಸೇರಿಯಂ. ಅಂದರೆ ಮೊದಲು ಹೇಳಿದ ಫಂಗಸ್ಸೇ. ನಟಾಮೈಸಿನ್ ಮುಂದುವರಿಸಿ ಅಂದರು, ಜೊತೆಗೆ ಸತ್ತ ಪದರವನ್ನು ಆಗಾಗ ಕೆರೆದು ತೆಗೆಯುತ್ತೇವೆ, ಆಗ ಔಷಧಿ ಒಳಗೆ ಇಳಿಯುತ್ತದೆ ಅಂದರು.

ಅಪ್ಪಚ್ಚಿ ಮಾತ್ರ 'ನೋಡು, ಇದ್ದದ್ದನ್ನೇ ಹೇಳುವುದಕ್ಕೆ ಅಷ್ಟು ದುಡ್ಡು' ಅಂತ ದಾರಿ ಪೂರ್ತಿ ಹೇಳಿಕೊಂಡೇ ಬಂದರು.

ಕೋಡಿಬಾಗ

ಅವರು ಹೇಳುವುದರಲ್ಲಿ ತಪ್ಪೇನು? ಔಷಧಿ ಬದಲಾಗಲಿಲ್ಲ ಅಲ್ವಾ? ಡಾಕ್ಟರೇ ಹೇಳಿದ ಲೆಕ್ಕದಲ್ಲಿ ದುಡ್ಡು ದಂಡ.

ಕಣ್ಣಿನ ಡಾಕ್ಟರ್, ಕುಮಟಾ

ಇಲ್ಲ. ಔಷಧಿ ಬದಲಾಗುವ ಸಾಧ್ಯತೆ ಇತ್ತು ಅನ್ನುವುದು ಮುಖ್ಯ. ಟೆಸ್ಟ್ ಇಲ್ಲದಿದ್ದರೆ ಅವರಿಗೆ ಎರಡೇ ದಾರಿ. ಒಂದು, ಪಿಥಿಯಂ ಇರಬಹುದು ಅಂತ ನಟಾಮೈಸಿನ್ ನಿಲ್ಲಿಸಿ ಲಿನೆಜೋಲಿಡ್ ಶುರು ಮಾಡುವುದು. ಹಾಗೆ ಮಾಡಿದ್ದರೆ ಫ್ಯುಸೇರಿಯಂಗೆ ಇದ್ದ ಒಳ್ಳೆಯ ಔಷಧಿಯನ್ನೇ ಕಿತ್ತುಕೊಂಡ ಹಾಗೆ. ಇನ್ನೊಂದು, ಎರಡನ್ನೂ ಸೇರಿಸಿ ಬಿಡುವುದು. ಆಗ ರೋಗಿ ಹಗಲು ರಾತ್ರಿ ಬಾಟಲಿ ಹಿಡಿದುಕೊಂಡೇ ಕೂರಬೇಕು, ಕಣ್ಣಿಗೂ ಉರಿ. 'ಇಲ್ಲ' ಅನ್ನುವ ಉತ್ತರಕ್ಕೂ ಬೆಲೆ ಇದೆ.

ನಟಾಮೈಸಿನ್ ನಿಧಾನ. ಬಾಟಲಿ ಚೆನ್ನಾಗಿ ಅಲುಗಾಡಿಸಿ ಬಿಡಬೇಕು, ಇಲ್ಲದಿದ್ದರೆ ಔಷಧಿ ತಳದಲ್ಲೇ ಉಳಿದು ಬರೀ ನೀರು ಬೀಳುತ್ತದೆ. ಕಣ್ಣಿನ ಮೂಲೆಯಲ್ಲಿ, ಹುಣ್ಣಿನ ಮೇಲೆ ಬೆಳ್ಳಗೆ ಹಾಲಿನ ಕೆನೆಯಂತೆ ಅಂಟಿಕೊಳ್ಳುತ್ತದೆ. ಅದು ಔಷಧಿಯೇ, ಕೀವು ಅಂದುಕೊಂಡು ಹತ್ತಿಯಿಂದ ತಿಕ್ಕಿ ತೆಗೆಯಬೇಡಿ.

ಅಡಿಕೆ ಮರಿ, ಶಿರಸಿ

ಅಯ್ಯೋ, ಚಿಕ್ಕಮ್ಮ ದಿನಾ ತಿಕ್ಕಿ ಒರೆಸುತ್ತಿದ್ದಾರೆ. ಈಗಲೇ ಫೋನ್ ಮಾಡುತ್ತೇನೆ.

ಎಮ್ಮೆಸ್ಸಿ ಬಯೋಟೆಕ್

ನನಗೆ ಇದರಲ್ಲಿ ಎಲ್ಲಕ್ಕಿಂತ ಇಷ್ಟವಾದದ್ದು ಮೆಟಾಜೀನೋಮಿಕ್ಸ್. ಇಲ್ಲಿ ಪ್ರೈಮರ್ ಹಾಕಿ 'ನೀನು ಇದ್ದೀಯಾ' ಅಂತ ಒಬ್ಬೊಬ್ಬರನ್ನೇ ಕೇಳುವುದಿಲ್ಲ. ಸ್ಯಾಂಪಲ್‌ನಲ್ಲಿ ಏನೆಲ್ಲ ಡಿಎನ್‌ಎ, ಆರ್‌ಎನ್‌ಎ ಇದೆಯೋ ಅಷ್ಟನ್ನೂ ಓದುವುದು. ಹೆಚ್ಚಿನದ್ದು ಮನುಷ್ಯನದೇ ಇರುತ್ತದೆ. ಅದನ್ನು ಕಂಪ್ಯೂಟರ್ ತೆಗೆದು ಹಾಕುತ್ತದೆ. ಉಳಿದದ್ದರಲ್ಲಿ ಹುಡುಕುವುದು.

ಸ್ಯಾನ್ ಫ್ರಾನ್ಸಿಸ್ಕೋದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದವರು 2016ರಲ್ಲಿ ಇದನ್ನು ಕಣ್ಣಿನ ಒಳಗಿನ ನೀರಿನ ಮೇಲೆ ಮಾಡಿ ಪ್ರಕಟಿಸಿದರು. ಅದರಲ್ಲಿ ಒಬ್ಬ ರೋಗಿಗೆ 16 ವರ್ಷಗಳಿಂದ ಎರಡೂ ಕಣ್ಣಿನಲ್ಲಿ ಉರಿಯೂತ. ಕಾರಣ ಸಿಕ್ಕಿರಲಿಲ್ಲ. ಓದಿ ನೋಡಿದರೆ ರುಬೆಲ್ಲಾ ವೈರಸ್! ಅಷ್ಟು ವರ್ಷ ಕಣ್ಣಿನೊಳಗೆ ಕೂತಿತ್ತು. ಯಾರೂ ರುಬೆಲ್ಲಾ ಅಂತ ಅನುಮಾನ ಪಡದಿದ್ದರೆ ಮಾಮೂಲಿ ಪಿಸಿಆರ್ ಅದನ್ನು ಹುಡುಕುತ್ತಲೇ ಇರಲಿಲ್ಲ.

ಲ್ಯಾಬಿನ ಹುಡುಗಿ

ಕಥೆ ಚಂದ. ಆದರೆ ತಮ್ಮಾ, ನಾನು ಸ್ವಲ್ಪ ತಣ್ಣೀರು ಎರಚುತ್ತೇನೆ. ಎಲ್ಲವನ್ನೂ ಓದುವ ಟೆಸ್ಟ್ ಎಲ್ಲವನ್ನೂ ತೋರಿಸುತ್ತದೆ. ಕಣ್ಣಿನ ರೆಪ್ಪೆಯ ಮೇಲೆ ಯಾವಾಗಲೂ ಇರುವ ಬ್ಯಾಕ್ಟೀರಿಯಾ, ಚರ್ಮದ್ದು, ಕಡೆಗೆ ಟ್ಯೂಬಿನಲ್ಲಿ, ರಾಸಾಯನಿಕದಲ್ಲಿ ಇದ್ದ ಡಿಎನ್‌ಎ ಕೂಡ. ಇದರಲ್ಲಿ ರೋಗ ತಂದವನು ಯಾರು, ಸುಮ್ನೆ ಅಲ್ಲಿ ಇದ್ದವನು ಯಾರು ಅಂತ ಯಾರು ಹೇಳಬೇಕು? ಮಾಮೂಲಿ ಪಿಸಿಆರ್‌ನಲ್ಲೂ ಇದೇ ತೊಂದರೆ ಇದೆ. ಹರ್ಪಿಸ್ ವೈರಸ್ ರೋಗ ಇಲ್ಲದವರ ಕಣ್ಣೀರಿನಲ್ಲೂ ಕೆಲವೊಮ್ಮೆ ಬರುತ್ತದೆ. ಕ್ರಿಮಿ ಸತ್ತ ಮೇಲೂ ಡಿಎನ್‌ಎ ಸ್ವಲ್ಪ ಕಾಲ ಉಳಿಯುತ್ತದೆ. ಪಾಸಿಟಿವ್ ಬಂತು ಅಂದರೆ ಇನ್ನೂ ಬದುಕಿದೆ ಅಂತ ಅರ್ಥ ಅಲ್ಲ.

ಇನ್ನೊಂದು ದೊಡ್ಡ ಕೊರತೆ. ಕಲ್ಚರ್‌ನಲ್ಲಿ ಬೆಳೆದ ಬ್ಯಾಕ್ಟೀರಿಯಾದ ಮೇಲೆ ಔಷಧಿ ಬಿಲ್ಲೆ ಇಟ್ಟು ಯಾವುದಕ್ಕೆ ಸಾಯುತ್ತದೆ ಅಂತ ನೋಡುತ್ತೇವೆ. ಪಿಸಿಆರ್ ಹೆಸರು ಹೇಳುತ್ತದೆ, ಯಾವ ಔಷಧಿಗೆ ಬಗ್ಗುತ್ತದೆ ಅಂತ ಹೆಚ್ಚಾಗಿ ಹೇಳುವುದಿಲ್ಲ. ಕೆಲವು ರೆಸಿಸ್ಟೆನ್ಸ್ ಜೀನ್‌ಗಳನ್ನು ಹುಡುಕಬಹುದು, ಉದಾಹರಣೆಗೆ ಸ್ಟಫಿಲೋಕಾಕಸ್‌ನ ಮೆಕ್‌ಎ. ಎಲ್ಲದಕ್ಕೂ ಹಾಗೆ ಆಗುವುದಿಲ್ಲ. ಅದಕ್ಕೇ ನಾವು ಕಲ್ಚರ್ ಪ್ಲೇಟನ್ನು ಇನ್ನೂ ಎಸೆದಿಲ್ಲ.

ಕಣ್ಣಿನ ಡಾಕ್ಟರ್, ಕುಮಟಾ

ಸರಿಯಾಗಿ ಹೇಳಿದಿರಿ. ಕಾರ್ನಿಯಾ ಹುಣ್ಣಿಗಿಂತ ಕಣ್ಣಿನ ಒಳಗಿನ ಸೋಂಕಿನಲ್ಲಿ ಪಿಸಿಆರ್ ಇನ್ನೂ ಜಾಸ್ತಿ ಉಪಯೋಗ ಅಂತ ನನ್ನ ಅನುಭವ. ಕಣ್ಣಿನ ಹಿಂಭಾಗದ ಪದರ ರೆಟಿನಾ ವೇಗವಾಗಿ ಸಾಯುತ್ತಾ ಹೋಗುವ ಒಂದು ಕಾಯಿಲೆ ಇದೆ. ಹರ್ಪಿಸ್ ಅಥವಾ ಸರ್ಪಸುತ್ತಿನ ವೈರಸ್ ಕಾರಣ. ನೋಡುವುದಕ್ಕೆ ಟಾಕ್ಸೊಪ್ಲಾಸ್ಮಾ ಎಂಬ ಪರಾವಲಂಬಿ ಜೀವಿಯ ಸೋಂಕು ಕೂಡ ಹಾಗೆ ಕಾಣಬಹುದು. ಚಿಕಿತ್ಸೆ ಪೂರ್ತಿ ಬೇರೆ. ಕಣ್ಣಿನ ಮುಂಭಾಗದಿಂದ 0.1 ಎಂ.ಎಲ್. ನೀರು ತೆಗೆಯುತ್ತಾರೆ, ಅಷ್ಟೇ ಸಿಗುವುದು. ಆ ಒಂದೆರಡು ಹನಿಯಲ್ಲಿ ಕಲ್ಚರ್ ಮಾಡಿ ವೈರಸ್ ಬೆಳೆಸಲು ಆಗುವುದಿಲ್ಲ. ಪಿಸಿಆರ್ ಮಾಡಬಹುದು.

ಆದರೆ ಕ್ಯಾಟರಾಕ್ಟ್ ಆಪರೇಷನ್ ಆದ ಮೇಲೆ ಕಣ್ಣಿನೊಳಗೆ ಕೀವಾದರೆ ಯಾವ ರಿಪೋರ್ಟಿಗೂ ಕಾಯುವಂತಿಲ್ಲ. ಸ್ಯಾಂಪಲ್ ತೆಗೆದ ಸೂಜಿ ಹೊರಗೆ ಬಂದ ಹಿಂದೆಯೇ ಆಂಟಿಬಯಾಟಿಕ್ ಇಂಜೆಕ್ಷನ್ ಒಳಗೆ. ಆಪರೇಷನ್ ಆಗಿ ಕೆಲವೇ ದಿನದಲ್ಲಿ ನೋವು ಶುರುವಾಗಿ ದೃಷ್ಟಿ ಮಂಜಾದರೆ, ಮುಂದಿನ ಚೆಕಪ್ ತಾರೀಕು ನೋಡುತ್ತಾ ಕೂರಬೇಡಿ.

ಕೋಡಿಬಾಗ

ನಮ್ಮ ಪಕ್ಕದ ಮನೆಯವರಿಗೆ 2019ರ ಕಾಳಿ ನೆರೆ ಆದ ಮೇಲೆ ಇಲಿಜ್ವರ ಬಂದಿತ್ತು. ವಾಸಿಯಾಗಿ ತಿಂಗಳುಗಳಾದ ಮೇಲೆ ಕಣ್ಣು ಕೆಂಪಾಗಿ ಮಂಜಾಯಿತು. ಎರಡಕ್ಕೂ ಸಂಬಂಧ ಇದೆ ಅಂತ ಒಬ್ಬ ಡಾಕ್ಟರು ಹೇಳಿದಾಗ ನಾವು ಯಾರೂ ನಂಬಿರಲಿಲ್ಲ. ನಿಜವಾ?

ಕಣ್ಣಿನ ಡಾಕ್ಟರ್, ಕುಮಟಾ

ನಿಜ. ಇಲಿಜ್ವರ ತರುವ ಲೆಪ್ಟೊಸ್ಪೈರಾ ಎಂಬ ಬ್ಯಾಕ್ಟೀರಿಯಾ ಜ್ವರ ಹೋದ ಮೇಲೂ ಕಣ್ಣಿನಲ್ಲಿ ಉರಿಯೂತ ತರಬಹುದು, ತಿಂಗಳುಗಳ ನಂತರವೂ. 1993ರ ಕೊನೆಯಲ್ಲಿ ತಮಿಳುನಾಡಿನಲ್ಲಿ ನೆರೆ ಬಂದಿತ್ತು. 1994ರಲ್ಲಿ ಮಧುರೈ ಕಣ್ಣಾಸ್ಪತ್ರೆಗೆ ಇಂಥ ರೋಗಿಗಳು ಒಮ್ಮೆಲೇ ಜಾಸ್ತಿ ಬರತೊಡಗಿದರು. ಕಾರಣ ಲೆಪ್ಟೊಸ್ಪೈರಾ ಅಂತ ಗಟ್ಟಿ ಮಾಡಿದ್ದರಲ್ಲಿ ಕಣ್ಣಿನ ನೀರಿನ ಪಿಸಿಆರ್ ಪಾತ್ರ ದೊಡ್ಡದು. ನಮ್ಮ ಜಿಲ್ಲೆಯಲ್ಲಿ ಮಳೆ, ಗದ್ದೆ, ಇಲಿಜ್ವರ ಮೂರೂ ಇವೆ. ಕಣ್ಣು ಕೆಂಪಾಗಿ ಬಂದವರನ್ನು 'ಈ ವರ್ಷ ಇಲಿಜ್ವರ ಬಂದಿತ್ತಾ' ಅಂತ ನಾನು ಕೇಳಿಯೇ ಕೇಳುತ್ತೇನೆ. ಡಾಕ್ಟರು ಕೇಳದಿದ್ದರೂ ನೀವೇ ಹೇಳಿ.

ಬನವಾಸಿ ಶುಂಠಿ

ಇಷ್ಟೆಲ್ಲ ಓದಿ ತಲೆ ತಿರುಗಿತು. ನನ್ನಂಥವರಿಗೆ ನೇರ ಹೇಳಿ. ಗದ್ದೆಯಲ್ಲಿ ಕಣ್ಣಿಗೆ ಏನಾದರೂ ಬಡಿದರೆ ಏನು ಮಾಡಬೇಕು?

ಲ್ಯಾಬಿನ ಹುಡುಗಿ

ಶುದ್ಧ ನೀರಲ್ಲಿ ತೊಳೆಯಿರಿ, ಉಜ್ಜಬೇಡಿ, ಏನೂ ಬಿಡಬೇಡಿ. ನೋವು ಇದ್ದರೆ ಅವತ್ತೇ ಕಣ್ಣಿನ ಡಾಕ್ಟರ ಹತ್ತಿರವೇ ಹೋಗಿ. ಮೊದಲೇ ಬಿಟ್ಟುಕೊಂಡ ಡ್ರಾಪ್ಸ್ ಇದ್ದರೆ ಬಾಟಲಿ ತನ್ನಿ, ಹೆಸರು ನೆನಪಿಲ್ಲ ಅನ್ನಬೇಡಿ. 'ಕೆರೆದು ನೋಡುತ್ತೀರಾ' ಅಂತ ನೀವೇ ಕೇಳಿ. ಆಂಟಿಬಯಾಟಿಕ್ ಶುರುವಾಗುವ ಮೊದಲೇ ಕೆರೆದ ಸ್ಯಾಂಪಲ್ ಇದೆಯಲ್ಲ, ಅದರಷ್ಟು ಬೆಲೆ ಯಾವುದಕ್ಕೂ ಇಲ್ಲ. ಕಾಂಟ್ಯಾಕ್ಟ್ ಲೆನ್ಸ್ ಹಾಕುವವರಾದರೆ ಲೆನ್ಸ್ ಮತ್ತು ಡಬ್ಬಿ ಎರಡನ್ನೂ ತನ್ನಿ, ತೊಳೆಯದೆ. ಹುಣ್ಣು ತರುವ ಅಕಾಂತಮೀಬಾ ಎಂಬ ಸೂಕ್ಷ್ಮಜೀವಿ ಎಷ್ಟೋ ಸಲ ಡಬ್ಬಿಯಲ್ಲೇ ಸಿಗುತ್ತದೆ.

ಗಜನಿ ಗದ್ದೆ

ಡಾಕ್ಟ್ರೇ, ಒಂದು ಕೇಳುವುದಿತ್ತು. ಕುಮಟಾದಲ್ಲಿ ಕೆರೆದು ಟ್ಯೂಬ್ ಕೊಟ್ಟರೆ ನಾವೇ ಹುಬ್ಬಳ್ಳಿ ಬಸ್ಸಲ್ಲಿ ತಗೊಂಡು ಹೋಗಬಹುದಾ? ಕಣ್ಣಿನ ತೊಂದರೆ ಇರುವ ನಮ್ಮ ಅಜ್ಜಿಯನ್ನು ಘಟ್ಟ ಹತ್ತಿಸುವುದು ಕಷ್ಟ.

ಕಣ್ಣಿನ ಡಾಕ್ಟರ್, ಕುಮಟಾ

ಟ್ಯೂಬ್ ಹೋಗಬಹುದು. ಐಸ್ ಪ್ಯಾಕ್ ಇಟ್ಟ ಥರ್ಮೋಕೋಲ್ ಡಬ್ಬಿಯಲ್ಲಿ, ಸೋರದ ಹಾಗೆ ಎರಡು ಕವರ್ ಹಾಕಿ, ಹೊರಗೆ ಹೆಸರು, ಯಾವ ಕಣ್ಣು, ಯಾವಾಗ ತೆಗೆದದ್ದು ಅಂತ ಬರೆದು. ಕಣ್ಣಿಗೆ ಹಾಕುವ ಕೆಲವು ಬಣ್ಣಗಳು ಪಿಸಿಆರ್‌ಗೆ ಅಡ್ಡಿ ಮಾಡುತ್ತವೆ. ಹಾಗಾಗಿ ಮೊದಲು ಬಣ್ಣ ಹಾಕಿ ನೋಡಿದ್ದರೆ ಚೆನ್ನಾಗಿ ತೊಳೆದೇ ಸ್ಯಾಂಪಲ್ ತೆಗೆಯುತ್ತೇವೆ. ಚೀಟಿಯಲ್ಲಿ ಬರೀ 'ಪಿಸಿಆರ್' ಅಂತ ಇದ್ದರೆ ಲ್ಯಾಬಿನವರು ಯಾವುದಕ್ಕೆ ಅಂತ ವಾಪಸ್ ಫೋನ್ ಮಾಡುತ್ತಾರೆ. ಏನು ಹುಡುಕಬೇಕು ಅಂತ ನಾವು ಬರೆದೇ ಕೊಡಬೇಕು. ಹೊರಡುವ ಮೊದಲು ಆ ಲ್ಯಾಬಿಗೆ ಒಮ್ಮೆ ಫೋನ್ ಮಾಡಿ, ಆ ಪರೀಕ್ಷೆ ಯಾವ ವಾರ ಹಾಕುತ್ತಾರೆ ಅಂತ ಕೇಳಿ. ಕೆಲವು ಕಡೆ ಸಾಕಷ್ಟು ಸ್ಯಾಂಪಲ್ ಸೇರಿದ ಮೇಲೇ ಮಷಿನ್ ಹಾಕುತ್ತಾರೆ.

ಅಜ್ಜಿಯನ್ನು ಮಾತ್ರ ನಾಳೆ ಬೆಳಿಗ್ಗೆ ಮೊದಲು ಇಲ್ಲಿ ಕರೆದುಕೊಂಡು ಬನ್ನಿ. ಟ್ಯೂಬ್ ವಿಷಯ ಆಮೇಲೆ ನೋಡೋಣ.

ಗಜನಿ ಗದ್ದೆ

ಸರಿ ಡಾಕ್ಟ್ರೇ. ಎಂಟೂವರೆ ಬಸ್ಸಿಗೆ ಬರುತ್ತೇವೆ.